ಮುಂಬೈಯಲ್ಲಿ ಯಾರ ಪರಿಚಯವೂ ಇಲ್ಲ, ಏನು ಮಾಡಲಿ?

ಊರಿಂದ ಹೊಸದಾಗಿ ಬಂದ ಹುಡುಗ ಹುಡುಗಿಯರು ನನ್ನನ್ನು ಯಾವಾಗಲೂ ಕೇಳುವುದು ಇದನ್ನೇ: "ಅಕ್ಕ, ಎಲ್ಲರೂ ನೆಟ್‌ವರ್ಕಿಂಗ್ ಮಾಡು ಅಂತಾರೆ, ನಮಗಿಲ್ಲಿ ಗುರುತಿನವರೇ ಇಲ್ಲ, ಎಲ್ಲಿಂದ ಶುರು ಮಾಡಲಿ?"

ಹೊಸಬರನ್ನು ಹುಡುಕುವುದು ಆಮೇಲೆ. ಈಗಾಗಲೇ ಯಾರಾದರೂ ನಿಮಗೊಂದು ಸಲಹೆ ಕೊಟ್ಟಿದ್ದಾರೆ, ಅಲ್ವಾ? ಅದರಿಂದ ಏನಾಯ್ತು ಅಂತ ಅವರಿಗೆ ತಿಳಿಸಿ. ನೂರಕ್ಕೆ ತೊಂಬತ್ತು ಜನ ಇದನ್ನು ಮಾಡುವುದಿಲ್ಲ. ಕೇಳುತ್ತಾರೆ, ಥ್ಯಾಂಕ್ಸ್ ಹೇಳುತ್ತಾರೆ, ಮತ್ತೆ ಕೆಲಸ ಬಿದ್ದಾಗಲೇ ಫೋನ್.

ಅಂಧೇರಿಯ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುವ ಕುಂದಾಪುರದ ಹುಡುಗಿಯೊಬ್ಬಳು ಮುಂದೆ ಏನು ಕಲಿಯಲಿ ಅಂತ ಕೇಳಿದ್ದಳು. ಜಿಎಸ್‌ಟಿ ಕೆಲಸ ಸರಿಯಾಗಿ ಕಲಿ ಅಂದಿದ್ದೆ, ಅಷ್ಟೇ. ಕೆಲವು ತಿಂಗಳಾದ ಮೇಲೆ ವಾಟ್ಸಾಪ್ ಬಂತು: "ಅಕ್ಕ, ಈ ತಿಂಗಳ ರಿಟರ್ನ್ ನಾನೇ ತುಂಬಿದೆ. ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಮೊದಲೇ ಕಟ್ಟಿದ ತೆರಿಗೆಯ ಲೆಕ್ಕ) ತಾಳೆ ನೋಡುವಾಗ ಮಾತ್ರ ಒದ್ದಾಡಿದೆ." ಏನೂ ಕೇಳಿರಲಿಲ್ಲ ಅವಳು. ನನಗೆ ಎಷ್ಟು ಖುಷಿಯಾಯ್ತೆಂದರೆ, ನಾನೇ ಫೋನ್ ಮಾಡಿ ಗುರುತಿನ ಸಿಎ ಒಬ್ಬರ ಹತ್ತಿರ ಅವಳನ್ನು ಮಾತಾಡಿಸಿದೆ.

ಹತ್ತಿರದವರಿಂದ ಮಾತ್ರ ಕೆಲಸ ಆಗುತ್ತದೆ ಅನ್ನುವುದೂ ಸರಿಯಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೋವೆಟರ್ 1973ರಲ್ಲೇ ಇದನ್ನು ತೋರಿಸಿದ್ದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದಾಗ, ದಾರಿ ತೋರಿಸಿದವರನ್ನು ಆಗಾಗ ಭೇಟಿ ಆಗುತ್ತಿದ್ದವರು ಶೇಕಡಾ 17ರಷ್ಟು ಮಾತ್ರ. ಉಳಿದವರು ಅವರನ್ನು ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ನೋಡುತ್ತಿದ್ದವರು. ಕಾರಣ ಸರಳ. ನಿಮ್ಮ ರೂಮ್‌ಮೇಟ್‌ಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ, ಬೇರೆ ಆಫೀಸು, ಬೇರೆ ವ್ಯವಹಾರದವರ ಹತ್ತಿರ ಬೇರೆ ಸುದ್ದಿ ಇರುತ್ತದೆ.

ಅಂಥವರು ಈ ಊರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಕರ್ನಾಟಕ ಸಂಘ ಇದೆ, ಜಾತಿ ಸಂಘಗಳು, ಯಕ್ಷಗಾನ ಮಂಡಳಿಗಳು ಇವೆ. ಹಿಂದೆ ಹಗಲು ಹೋಟೆಲಲ್ಲಿ ದುಡಿದ ಹುಡುಗರು ಕನ್ನಡದ ರಾತ್ರಿ ಶಾಲೆಗಳಲ್ಲಿ ಓದಿ ಬ್ಯಾಂಕು, ಕಚೇರಿ ಸೇರಿದ್ದು ಇದೇ ಮುಂಬೈಯಲ್ಲಿ. ಆದರೆ ಕಾರ್ಯಕ್ರಮಕ್ಕೆ ಹೋಗಿ ಸುಮ್ನೆ ಕಾರ್ಡ್ ಹಂಚಬೇಡಿ. ಕುರ್ಚಿ ಹಾಕಿ, ಊಟ ಬಡಿಸಿ. ಪಕ್ಕದಲ್ಲಿ ಸಾರಿನ ಬಕೆಟ್ ಹಿಡಿದವರು ದೊಡ್ಡ ಕಂಪನಿಗಳ ಕಚೇರಿಗಳಿರುವ ಬಿಕೆಸಿಯ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಮ್ಯಾನೇಜರೂ ಆಗಿರಬಹುದು, ಪ್ರೆಸ್ ಮಾಲೀಕರೂ ಆಗಿರಬಹುದು. ಮಾತು ತಾನಾಗಿ ಬರುತ್ತದೆ.

ಕೇಳುವುದಿದ್ದರೆ ಸಣ್ಣದು ಕೇಳಿ. "ಸರ್, ಒಂದು ಕೆಲಸ ಕೊಡಿಸಿ" ಅಂದರೆ ಅವರಿಗೂ ಕಷ್ಟ. "ನಿಮ್ಮ ಲೈನಿಗೆ ಬರಲು ಏನು ಗೊತ್ತಿರಬೇಕು, ಹತ್ತು ನಿಮಿಷ ಮಾತಾಡಬಹುದಾ?" ಅಂದರೆ ಹೆಚ್ಚಿನವರು ಖುಷಿಯಿಂದಲೇ ಹೇಳುತ್ತಾರೆ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಇನ್ನೊಂದೇ ಸಲ ಕೇಳಿ. ಅದಕ್ಕೂ ಬರದಿದ್ದರೆ ಬೇಜಾರು ಮಾಡಿಕೊಳ್ಳದೆ ಬಿಟ್ಟುಬಿಡಿ. ದಿನಕ್ಕೆ ನಾಲ್ಕು ಗಂಟೆ ಲೋಕಲ್‌ನಲ್ಲೇ ಕಳೆಯುವವರಿಗೆ ಮನೆಯವರ ಮೆಸೇಜಿಗೇ ಉತ್ತರ ಕೊಡಲು ಆಗಿರುವುದಿಲ್ಲ.