ಮುರಕಲ್ಲಿನಲ್ಲಿ ಸಿಗದ ಧಾತು, ಆಸ್ಪತ್ರೆಯಲ್ಲಿ ದಿನಾ ಹುಟ್ಟುತ್ತದೆ

ಕುಂಬಳೆ, ಬದಿಯಡ್ಕ ಕಡೆಯ ಮುರಕಲ್ಲನ್ನು ಕೆಂಪಾಗಿಸಿದ ಕಬ್ಬಿಣ ಭೂಮಿಗಿಂತ ಹಳೆಯದು, ನಕ್ಷತ್ರಗಳಲ್ಲಿ ತಯಾರಾದದ್ದು. 43ನೇ ಧಾತು ಟೆಕ್ನೀಷಿಯಂ ಕೂಡ ಅಲ್ಲಿ ಹುಟ್ಟುತ್ತದೆ. ಕೆಲವು ಕೆಂಪು ನಕ್ಷತ್ರಗಳ ಬೆಳಕಿನಲ್ಲಿ ಅದರ ಗೆರೆಗಳನ್ನು ಖಗೋಳವಿಜ್ಞಾನಿ ಪಾಲ್ ಮೆರಿಲ್ 1952ರಲ್ಲಿ ಗುರುತಿಸಿದರು. ಕಬ್ಬಿಣ ಉಳಿಯಿತು, ಇದು ಉಳಿಯಲಿಲ್ಲ. ಇದರ ಯಾವ ಐಸೋಟೋಪೂ, ಅಂದರೆ ಬೇರೆ ಬೇರೆ ತೂಕದ ಯಾವ ಪರಮಾಣು ರೂಪವೂ, ಸ್ಥಿರವಲ್ಲ. ಎಲ್ಲಕ್ಕಿಂತ ಹೆಚ್ಚು ಬಾಳುವುದರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಬೇಕಾದ ಸಮಯ) ಸುಮಾರು 42 ಲಕ್ಷ ವರ್ಷ. ಭೂಮಿಗೆ 450 ಕೋಟಿ ದಾಟಿದೆ. ಈಗ ನೆಲದಲ್ಲಿರುವುದು ಯುರೇನಿಯಂ ಅದಿರಿನಲ್ಲಿ ಹೊಸದಾಗಿ ಹುಟ್ಟುವ ಲೇಶ ಮಾತ್ರ. 1937ರಲ್ಲಿ ವಿಜ್ಞಾನಿಗಳಾದ ಪೆರಿಯರ್ ಮತ್ತು ಸೆಗ್ರೆ ಇದನ್ನು ಕಂಡದ್ದು ಅಮೆರಿಕದ ಬರ್ಕ್ಲಿಯ ಸೈಕ್ಲೋಟ್ರಾನಿನಲ್ಲಿ (ಕಣಗಳನ್ನು ವೇಗಗೊಳಿಸುವ ಯಂತ್ರ) ಬಳಸಿದ್ದ ಮಾಲಿಬ್ಡಿನಂ ತಗಡಿನಲ್ಲಿ.

ತಲಪಾಡಿ ದಾಟಿ ಮಂಗಳೂರಿಗೆ ಬೋನ್ ಸ್ಕ್ಯಾನಿಗೆ (ವಿಕಿರಣ ಸೂಸುವ ಔಷಧಿ ಚುಚ್ಚಿ ಎಲುಬಿನ ಚಿತ್ರ ತೆಗೆಯುವುದಕ್ಕೆ) ಹೋಗುವವರ ರಕ್ತಕ್ಕೆ ಸೇರುವುದು ಇದೇ ಧಾತು.

ರಿಯಾಕ್ಟರಿನಲ್ಲಿ ಯುರೇನಿಯಂ-235 ಒಡೆದಾಗ ನೂರರಲ್ಲಿ ಸುಮಾರು ಆರು ಸಲ ಮಾಲಿಬ್ಡಿನಂ-99 ಸಿಗುತ್ತದೆ. ಅದರ ಅರ್ಧಾಯುಷ್ಯ 66 ಗಂಟೆ. ಸೀಸದ ಕವಚದೊಳಗಿನ ಅಲ್ಯುಮಿನಾ ಕೊಳವೆಗೆ ಅದನ್ನು ಅಂಟಿಸಿ ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿ ಅದು ಕ್ಷಯಿಸುತ್ತ ಟೆಕ್ನೀಷಿಯಂ-99ಎಂ ಆಗುತ್ತದೆ. ಮಾಲಿಬ್ಡಿನಂನ ಅಯಾನಾದ ಮಾಲಿಬ್ಡೇಟಿಗೆ ಎರಡು ಋಣ ಆವೇಶ, ಹಿಡಿತ ಬಿಗಿ. ಟೆಕ್ನೀಷಿಯಂನ ಅಯಾನಾದ ಪರ್‌ಟೆಕ್ನೆಟೇಟಿಗೆ ಒಂದೇ, ಹಿಡಿತ ಸಡಿಲ. 0.9 ಶೇಕಡಾ ಸಲೈನ್ ಹಾಯಿಸಿದರೆ ಎರಡನೆಯದು ಮಾತ್ರ ಕೆಳಗಿನ ನಿರ್ವಾತ ಬಾಟಲಿಗೆ ಇಳಿಯುತ್ತದೆ. ಇದಕ್ಕೆ ಹಾಲು ಕರೆಯುವುದು ಅಂತಲೇ ಹೇಳುತ್ತಾರೆ. ಒಮ್ಮೆ ಕರೆದರೆ ಮತ್ತೆ ಪೂರ್ತಿ ತುಂಬಲು ಸುಮಾರು 23 ಗಂಟೆ ಬೇಕು, ಆದ್ದರಿಂದ ದಿನಾ ಬೆಳಿಗ್ಗೆ.

ಕೆಡುವುದು ಎಲ್ಲಿ? ಮೊದಲು, ಮಾಲಿಬ್ಡಿನಂ ಸೋರಬಹುದು. ಒಂದು ಮಿಲಿಕ್ಯೂರಿ (ಕ್ಯೂರಿ ಎಂದರೆ ವಿಕಿರಣಶೀಲತೆಯ ಅಳತೆ) ಟೆಕ್ನೀಷಿಯಂಗೆ 0.15 ಮೈಕ್ರೋಕ್ಯೂರಿಗಿಂತ ಹೆಚ್ಚಿರಬಾರದು, ಅದೂ ಚುಚ್ಚುವ ಹೊತ್ತಿಗೆ. ಬೆಳಿಗ್ಗೆ 0.05 ಇದ್ದದ್ದು ಪಾಸಾಯಿತು ಎನ್ನಿ. ಆರು ಗಂಟೆಗೊಮ್ಮೆ ಅರ್ಧವಾಗುವ ಟೆಕ್ನೀಷಿಯಂ ಹನ್ನೆರಡು ಗಂಟೆಯಲ್ಲಿ ಕಾಲು ಭಾಗಕ್ಕೆ ಇಳಿದಿರುತ್ತದೆ, ಮಾಲಿಬ್ಡಿನಂ ಶೇಕಡಾ 88 ಉಳಿದಿರುತ್ತದೆ, ಅನುಪಾತ 0.176. ಅದೇ ಬಾಟಲಿ ಸಂಜೆಗೆ ಫೇಲು! ಎರಡನೆಯದಾಗಿ, ಕೊಳವೆಯ ಅಲ್ಯುಮಿನಾದಿಂದ ಅಲ್ಯುಮಿನಿಯಂ ಬಂದಿದೆಯೇ ಎಂದು ಬಣ್ಣದ ಕಾಗದದಲ್ಲಿ ನೋಡುತ್ತಾರೆ, ಮಿತಿ ಮಿಲಿಲೀಟರಿಗೆ 10 ಮೈಕ್ರೋಗ್ರಾಂ.

ನನ್ನ ಮಟ್ಟಿಗೆ ಹೆಚ್ಚು ಎಚ್ಚರ ಬೇಕಾದದ್ದು ತವರದ ವಿಷಯದಲ್ಲಿ. ಪರ್‌ಟೆಕ್ನೆಟೇಟ್ ಎಲುಬಿನ ಔಷಧಿಗೆ ನೇರವಾಗಿ ಕೂಡುವುದಿಲ್ಲ. ಔಷಧಿಯ ಕಿಟ್ಟಿನಲ್ಲಿರುವ ತವರದ ಲವಣ ಸ್ಟಾನಸ್ ಕ್ಲೋರೈಡ್ ಅದನ್ನು ಮೊದಲು ಅಪಕರ್ಷಿಸಬೇಕು, ಅಂದರೆ ಅದಕ್ಕೆ ಎಲೆಕ್ಟ್ರಾನ್ ಕೊಡಬೇಕು. ಸೂಜಿಯ ಜೊತೆ ಬಾಟಲಿಗೆ ಗಾಳಿ ನುಗ್ಗಿದರೆ ತವರ ಆಕ್ಸಿಡೀಕರಣಗೊಂಡು ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆಗ ಔಷಧಿಗೆ ಕೂಡದೆ ಉಳಿದ ಪರ್‌ಟೆಕ್ನೆಟೇಟಿನಿಂದ ಎಲುಬಿನ ಚಿತ್ರದಲ್ಲಿ ಥೈರಾಯ್ಡ್, ಜಠರ ಹೊಳೆಯುತ್ತವೆ. ಅಂಥ ಚಿತ್ರ ಕಂಡರೆ ರೋಗಿಯನ್ನಲ್ಲ, ಬಾಟಲಿಯನ್ನು ಮೊದಲು ಅನುಮಾನಿಸಬೇಕು.

ಟೆಕ್ನೀಷಿಯಂ-99ಎಂನ ಅರ್ಧಾಯುಷ್ಯ 6 ಗಂಟೆ. ಕಾಸರಗೋಡಿನಿಂದ ಹೊರಟವರು ಹೆದ್ದಾರಿಯಲ್ಲಿ ಎರಡು ಗಂಟೆ ಸಿಕ್ಕಿಬಿದ್ದರೆ, ಅಳೆದಿಟ್ಟ ಡೋಸಿನ ಐದನೇ ಒಂದು ಪಾಲು ಹೋಗಿರುತ್ತದೆ. ಚುಚ್ಚಿದ ಮೇಲೂ ಕ್ಯಾಮರಾಕ್ಕೆ ಮೂರು ಗಂಟೆ ಕಾಯಬೇಕು; ಆ ಹೊತ್ತಿನಲ್ಲಿ ಧಾರಾಳ ನೀರು ಕುಡಿದು ಮೂತ್ರ ಮಾಡಬೇಕು, ಇಲ್ಲವಾದರೆ ತುಂಬಿದ ಮೂತ್ರಕೋಶ ಸೊಂಟದ ಎಲುಬನ್ನು ಮರೆಮಾಡುತ್ತದೆ. ತಡವಾಗುವುದಿದ್ದರೆ ಮೊದಲೇ ಫೋನ್ ಮಾಡಿ.