ಎಲ್ಲ ಪಾಸ್‌ವರ್ಡ್ ಒಂದೇ ಕಡೆ ಇಟ್ಟರೆ ಅಪಾಯ ಅಲ್ವಾ?

ನಾನು ಪಾಸ್‌ವರ್ಡ್ ಮ್ಯಾನೇಜರ್, ಅಂದರೆ ಎಲ್ಲ ಪಾಸ್‌ವರ್ಡ್‌ಗಳನ್ನೂ ನೆನಪಿಟ್ಟುಕೊಳ್ಳುವ ತಂತ್ರಾಂಶ, ಬಳಸುತ್ತೇನೆ ಎಂದ ಕೂಡಲೇ ಈ ಪ್ರಶ್ನೆ ಬರುತ್ತದೆ. ಎಲ್ಲವನ್ನೂ ಒಂದೇ ಕಡೆ ಇಟ್ಟು, ಅದೇ ಕಳ್ಳರ ಕೈಗೆ ಸಿಕ್ಕರೆ ಏನು ಗತಿ? ಇನ್ನು ಕೆಲವರು, ಆ ಕಂಪನಿಯೇ ಮೋಸ ಮಾಡಿದರೆ, ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋದು ಎನ್ನುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಇದು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು, ಈಗ ನೀವು ಏನು ಮಾಡುತ್ತಿದ್ದೀರಿ ಅಂತ ಯೋಚಿಸಿ. ನೆನಪಿನಲ್ಲಿ ಉಳಿಯುವ ಒಂದು ಪಾಸ್‌ವರ್ಡ್, ಎಲ್ಲ ಕಡೆ ಅದೇ. ಜಾಲತಾಣ ಹಟ ಮಾಡಿದರೆ ಕೊನೆಗೆ ಒಂದು ಅಂಕಿ ಸೇರಿಸುತ್ತೀರಿ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವನು. ಎಂದೋ ಸೇರಿ ಮರೆತಿದ್ದ ಒಂದು ಸಣ್ಣ ತಾಣದಿಂದ ಪಾಸ್‌ವರ್ಡ್ ಸೋರಿತು. ಅದನ್ನೇ ಹಿಡಿದು ಯಾರೋ ನನ್ನ ಇಮೇಲ್ ಒಳಗೆ ಬಂದರು. ಆ ರಾತ್ರಿ ನನ್ನನ್ನು ಹೆಚ್ಚು ಹೆದರಿಸಿದ್ದು ಬೇರೆಯೇ: ಅದೇ ಪಾಸ್‌ವರ್ಡನ್ನು ಇನ್ನೂ ಎಲ್ಲೆಲ್ಲಿ ಇಟ್ಟಿದ್ದೇನೆ ಎಂಬುದು ನನಗೇ ನೆನಪಿರಲಿಲ್ಲ.

ಇದು ಅಪರೂಪದ ಕಥೆ ಅಲ್ಲ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ ಸುಮಾರು 3.2 ಕೋಟಿ ಪಾಸ್‌ವರ್ಡ್ ಸೋರಿದವು. ಅವನ್ನು ಯಾವ ಗೂಢಲಿಪಿಯೂ ಇಲ್ಲದೆ, ಬರೆದದ್ದು ಬರೆದಂತೆ ಇಟ್ಟಿದ್ದರು. ಅದರಲ್ಲಿ ಅತಿ ಹೆಚ್ಚು ಜನ ಬಳಸಿದ್ದದ್ದು 123456. ಲಿಂಕ್ಡ್‌ಇನ್‌ನಿಂದ 2012ರಲ್ಲಿ ಕದ್ದ ಮಾಹಿತಿ 2016ರಲ್ಲಿ ಮಾರಾಟಕ್ಕೆ ಬಂತು, ಸುಮಾರು 11.7 ಕೋಟಿ ಖಾತೆಗಳದ್ದು. ಹೀಗೆ ಸಿಕ್ಕ ಇಮೇಲ್ ಮತ್ತು ಪಾಸ್‌ವರ್ಡ್ ಜೋಡಿಗಳನ್ನು ಕಳ್ಳರು ಕೂತು ಟೈಪ್ ಮಾಡುವುದಿಲ್ಲ. ಪ್ರೋಗ್ರಾಂ ಬಿಟ್ಟು ಬೇರೆ ಬೇರೆ ತಾಣಗಳಲ್ಲಿ ಒಂದೊಂದಾಗಿ ಹಾಕಿ ನೋಡಿಸುತ್ತಾರೆ. ಅಂದರೆ ಒಂದೇ ಪಾಸ್‌ವರ್ಡ್ ಇಟ್ಟವರು ಈಗಾಗಲೇ ಎಲ್ಲವನ್ನೂ ಒಂದೇ ಕಡೆ ಇಟ್ಟಿದ್ದಾರೆ. ಅದನ್ನು ಕಾಯುತ್ತಿರುವುದು ಅವರು ಸೇರಿದ ತಾಣಗಳಲ್ಲಿ ಅತಿ ಸಡಿಲವಾದದ್ದು.

ಈಗ ಬೇಲಿಯ ವಿಷಯ. ಮ್ಯಾನೇಜರನ್ನು ತೆರೆಯಲು ನೀವು ನೆನಪಿಡುವ ಒಂದೇ ಪಾಸ್‌ವರ್ಡ್‌ಗೆ ಮಾಸ್ಟರ್ ಪಾಸ್‌ವರ್ಡ್ ಎನ್ನುತ್ತಾರೆ. ಒಳ್ಳೆಯ ಮ್ಯಾನೇಜರ್‌ನಲ್ಲಿ ಅದು ಕಂಪನಿಗೆ ಹೋಗುವುದೇ ಇಲ್ಲ. ನಿಮ್ಮ ಫೋನ್ ಅಥವಾ ಕಂಪ್ಯೂಟರ್‌ನಲ್ಲೇ ಅದನ್ನು ಲಕ್ಷಾಂತರ ಸುತ್ತು ಅರೆದು ಒಂದು ಕೀಲಿ ತಯಾರಾಗುತ್ತದೆ. ಈ ಅರೆಯುವ ಕೆಲಸವನ್ನು ಬೇಕೆಂದೇ ನಿಧಾನ ಮಾಡಿರುತ್ತಾರೆ. ನಿಮಗೆ ಅರೆ ಕ್ಷಣ ಹಿಡಿದರೆ ಏನೂ ಅನಿಸುವುದಿಲ್ಲ, ಆದರೆ ಕೋಟಿಗಟ್ಟಲೆ ಊಹೆ ಮಾಡಿ ನೋಡಬೇಕಾದ ಕಳ್ಳನಿಗೆ ಪ್ರತಿ ಊಹೆಗೂ ಅಷ್ಟೇ ಕೆಲಸ. ಆ ಕೀಲಿಯಿಂದ ಎಲ್ಲವೂ ಗೂಢಲಿಪಿಗೆ ತಿರುಗಿ, ಆಮೇಲೆ ಸರ್ವರ್‌ಗೆ ಹೋಗುತ್ತದೆ. ಬಿಟ್‌ವಾರ್ಡನ್, 1ಪಾಸ್‌ವರ್ಡ್ ಎಂಬ ಮ್ಯಾನೇಜರ್‌ಗಳು ನಡೆಯುವುದು ಹೀಗೆ. ಸರ್ವರೇ ಬೇಡ ಎನ್ನುವವರಿಗೆ 2003ರಿಂದ ಕೀಪಾಸ್ ಇದೆ. ಅದರಲ್ಲಿ ಎಲ್ಲವೂ ನಿಮ್ಮ ಹತ್ತಿರವೇ ಇರುವ ಒಂದು ಫೈಲ್.

ಮಾಸ್ಟರ್ ಪಾಸ್‌ವರ್ಡ್ ಮರೆತರೆ ಕಂಪನಿಯವರೇ ತೆಗೆದುಕೊಡಲು ಆಗುವುದಿಲ್ಲ ಎಂದು ಹಲವರು ಬೇಸರಪಡುತ್ತಾರೆ. ನನಗೆ ಧೈರ್ಯ ಕೊಡುವುದೇ ಅದು. ಅವರಿಗೆ ತೆರೆಯಲು ಆಗುತ್ತದೆ ಎಂದರೆ ಅವರ ಒಳಗೆ ನುಗ್ಗಿದವರಿಗೂ ಆಗುತ್ತದೆ.

ಹಾಗಂತ ಬೇಲಿ ಮುರಿದೇ ಇಲ್ಲ ಎನ್ನಲಾರೆ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಮ್ಯಾನೇಜರ್ ಕಂಪನಿಯಿಂದ ಗ್ರಾಹಕರ ಪಾಸ್‌ವರ್ಡ್ ಪೆಟ್ಟಿಗೆಗಳ ಪ್ರತಿಗಳನ್ನೇ ಕಳ್ಳರು ಒಯ್ದರು. ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು, ಆದರೆ ತಾಣಗಳ ವಿಳಾಸಗಳು ಹಾಗಿರಲಿಲ್ಲ. ಯಾರಿಗೆ ಎಲ್ಲಿ ಖಾತೆ ಇದೆ ಎಂಬುದು ಕಾಣುವಂತಿತ್ತು. ಹೊಸ ಖಾತೆಗಳಲ್ಲಿ ಅರೆಯುವ ಸುತ್ತು 1,00,100 ಇದ್ದರೆ, ಕೆಲವು ಹಳೆಯ ಖಾತೆಗಳಲ್ಲಿ ಬರೀ 5,000ಕ್ಕೇ ನಿಂತಿತ್ತು. ಇಷ್ಟಾದರೂ ಪ್ರತಿ ಪೆಟ್ಟಿಗೆಯನ್ನೂ ಬೇರೆಬೇರೆಯಾಗಿ ಒಡೆಯಬೇಕಿತ್ತು. ಮಾಸ್ಟರ್ ಪಾಸ್‌ವರ್ಡ್ ಸಡಿಲ ಇದ್ದವರಿಗೆ ನಿಜವಾದ ಅಪಾಯ, ಉದ್ದವಾಗಿ ಗಟ್ಟಿಯಾಗಿ ಇಟ್ಟವರಿಗೆ ತುಂಬಾ ಕಡಿಮೆ. ಪಾಸ್‌ವರ್ಡ್ ಜಾಗದಲ್ಲಿ ಊಹಿಸಬಹುದಾದ ಪದ ಇಟ್ಟರೆ ಯಾವ ಗೂಢಲಿಪಿಯೂ ಕಾಯುವುದಿಲ್ಲ.

ಆದ್ದರಿಂದ ಮಾಸ್ಟರ್ ಪಾಸ್‌ವರ್ಡ್ ಒಂದನ್ನು ಮಾತ್ರ ಪುರುಸೊತ್ತಿನಿಂದ ಆರಿಸಿ. ನನಗೆ ಇಷ್ಟವಾದ ದಾರಿ ಡೈಸ್‌ವೇರ್. ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ಹೇಳಿಕೊಟ್ಟದ್ದು. 7,776 ಪದಗಳ ಒಂದು ಪಟ್ಟಿ ಇರುತ್ತದೆ. ಐದು ಸಲ ದಾಳ ಹಾಕಿದರೆ ಒಂದು ಪದ ಸಿಗುತ್ತದೆ. ಹಾಗೆ ಆರು ಪದ ತೆಗೆಯಿರಿ. ಪಟ್ಟಿ ಗೊತ್ತಿದ್ದವನೂ ಇನ್ನೂರು ಕೋಟಿ ಕೋಟಿ ಕೋಟಿಗಿಂತ ಜಾಸ್ತಿ ಜೋಡಣೆಗಳಲ್ಲಿ ಹುಡುಕಬೇಕು. ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬಹುದಾ? ಖಂಡಿತ. ನಿಘಂಟಿನ ಪುಟವನ್ನೂ ಸಾಲನ್ನೂ ದಾಳದಿಂದಲೇ ಆರಿಸಿ. ಮನಸ್ಸಿಗೆ ಬಂದದ್ದು ಬೇಡ, ಗಾದೆ ಬೇಡ, ಹಾಡಿನ ಸಾಲು ಬೇಡ. ನಮ್ಮ ಮನಸ್ಸಿಗೆ ಬರುವುದು ಇನ್ನೊಬ್ಬರ ಮನಸ್ಸಿಗೂ ಬರುತ್ತದೆ.

ಉಳಿದ ಪಾಸ್‌ವರ್ಡ್‌ಗಳನ್ನು ಮ್ಯಾನೇಜರೇ ಹುಟ್ಟಿಸಲಿ. ಇಪ್ಪತ್ತು ಅಕ್ಷರ, ತಲೆಬುಡ ಇಲ್ಲದ್ದು. ನೀವು ಅದನ್ನು ನೋಡುವುದೂ ಬೇಡ. ಮೂರು ತಿಂಗಳಿಗೊಮ್ಮೆ ಬದಲಿಸಬೇಕಾ? ಬೇಡ. ಮಾನದಂಡ ಹೇಳುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್‌ ಸಹ 2017ರಲ್ಲಿ ಆ ಪದ್ಧತಿ ಕೈಬಿಡಲು ಹೇಳಿತು. ಸೋರಿದೆ ಎಂದು ಗೊತ್ತಾದರೆ ಬದಲಿಸಿ, ಸುಮ್ನೆ ಬೇಡ. ಬ್ರೌಸರ್‌ನಲ್ಲೇ ಇರುವ ಮ್ಯಾನೇಜರ್ ಸಾಕಾ? ಒಂದೇ ಪಾಸ್‌ವರ್ಡ್ ಎಲ್ಲ ಕಡೆ ಇಡುವುದಕ್ಕಿಂತ ಎಷ್ಟೋ ವಾಸಿ.

ಇನ್ನೊಂದು ಲಾಭ ಇದೆ, ಅದನ್ನು ಯಾರೂ ಕೇಳುವುದೇ ಇಲ್ಲ. ಬ್ಯಾಂಕಿನ ಪುಟದಂತೆಯೇ ಕಾಣುವ ನಕಲಿ ಪುಟಕ್ಕೆ ನಮ್ಮ ಕಣ್ಣು ಮೋಸ ಹೋಗುತ್ತದೆ. ಮ್ಯಾನೇಜರ್ ಹೋಗುವುದಿಲ್ಲ, ಯಾಕೆಂದರೆ ಅದು ಪುಟದ ಚಂದ ನೋಡುವುದಿಲ್ಲ, ವಿಳಾಸ ನೋಡುತ್ತದೆ. ವಿಳಾಸ ಬೇರೆ ಆಗಿದ್ದರೆ ಪಾಸ್‌ವರ್ಡ್ ತುಂಬುವುದಿಲ್ಲ. ಎಂದಿನಂತೆ ತುಂಬದಿದ್ದರೆ ಅಲ್ಲೇ ನಿಲ್ಲಿ. ಕಾಪಿ ಮಾಡಿ ಹಾಕಲು ಹೋಗಬೇಡಿ, ವಿಳಾಸ ಓದಿ. ನನ್ನನ್ನು ಇದು ಎರಡು ಸಲ ಉಳಿಸಿದೆ.

ನಿಮ್ಮ ಫೋನಿನ ಒಳಗೇ ಕಳ್ಳ ತಂತ್ರಾಂಶ ಕೂತಿದ್ದರೆ ಮ್ಯಾನೇಜರ್ ಹೆಚ್ಚೇನೂ ಮಾಡಲಾರದು. ಕಂಡಕಂಡ ಆ್ಯಪ್ ಹಾಕಬೇಡಿ. ಮ್ಯಾನೇಜರ್‌ಗೂ ಇಮೇಲ್‌ಗೂ ಎರಡನೇ ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡ್ ಜೊತೆ ಒಟಿಪಿಯಂಥ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ, ಇಡಿ.

ಶುರು ಎಲ್ಲಿಂದ? ಇಮೇಲ್‌ನಿಂದ. ಬೇರೆ ಎಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ. ಆಮೇಲೆ ಬ್ಯಾಂಕ್. ಉಳಿದವನ್ನು ಒಂದೇ ದಿನ ಬದಲಿಸಲು ಕೂತರೆ ಸುಸ್ತಾಗಿ ಬಿಟ್ಟುಬಿಡುತ್ತೀರಿ. ಲಾಗಿನ್ ಆದಾಗಲೆಲ್ಲ ಒಂದೊಂದು ಬದಲಿಸಿ.

ಮಾಸ್ಟರ್ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದಿಡಿ. ದೂರದ ಕಳ್ಳನಿಗೆ ನಿಮ್ಮ ಕಪಾಟು ತೆರೆಯಲು ಆಗುವುದಿಲ್ಲ. ನನ್ನದು ಒಂದು ಲಕೋಟೆಯಲ್ಲಿ ಅಂಟಿಸಿ ಮನೆಯ ಮುಖ್ಯ ಪತ್ರಗಳ ಜೊತೆ ಇದೆ. ಅದು ಎಲ್ಲಿದೆ, ಯಾವಾಗ ತೆರೆಯಬೇಕು ಎಂದು ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿದ್ದೇನೆ.