ಈಸಕ್ಕಿಯಾಸೆ ಮತ್ತು ನನ್ನ 94 ಬ್ಲೌಸು

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಅಂತ ನಾನು 94 ಬ್ಲೌಸ್ ಒಪ್ಪಿಕೊಂಡಿದ್ದೆ. ಲೈನಿಂಗ್ ಕೊಟ್ಟು, ಹುಕ್ಸ್ ಹಾಕಿ, ಕೈಹೊಲಿಗೆ ಮುಗಿಸಲು ನನಗೆ ಒಂದಕ್ಕೆ ಎರಡೂವರೆ ಗಂಟೆ ಬೇಕು. ದಿನಕ್ಕೆ 3 ಅಂದರೂ ಉಳಿದಿದ್ದ 20 ದಿನಕ್ಕೆ 60. ಈ ಲೆಕ್ಕ ನನಗೆ ಗೊತ್ತಿರಲಿಲ್ಲ ಅಂತಲ್ಲ. ಯಾರಾದರೂ ಬಟ್ಟೆ ಚೀಲ ಹಿಡಿದು ಬಾಗಿಲಲ್ಲಿ ನಿಂತರೆ "ಆಗಲ್ಲ" ಅನ್ನಲು ನಾಲಿಗೆ ಏಳುತ್ತಿರಲಿಲ್ಲ.

ಬೆಳಗಿನ 5 ಗಂಟೆಗೆ ಮಿಷನ್ ಮುಂದೆ ಕೂತರೆ ರಾತ್ರಿ 12. ಮಕ್ಕಳು ಶಾಲೆಯಿಂದ ಬಂದು ಏನೋ ಹೇಳುತ್ತಿದ್ದರು, ನಾನು ಕತ್ತರಿಯಿಂದ ಕಣ್ಣೆತ್ತದೆ "ಹೂಂ" ಅನ್ನುತ್ತಿದ್ದೆ. ಲಿಂಗಪೂಜೆ ನಿಂತೇ ಹೋಗಿತ್ತು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೊರಳಲ್ಲಿದ್ದ ಕರಡಿಗೆಯನ್ನು, ಅಂದರೆ ಇಷ್ಟಲಿಂಗ ಇಡುವ ಪುಟ್ಟ ಡಬ್ಬಿಯನ್ನು, ಕಣ್ಣಿಗೆ ಒತ್ತಿಕೊಂಡರೆ ಆಯಿತು. ಕಾಯಕವೇ ಕೈಲಾಸ ಅಲ್ವಾ, ಕೆಲಸ ಮಾಡುತ್ತಿದ್ದೇನಲ್ಲ, ಅದೇ ಪೂಜೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಹಬ್ಬಕ್ಕೆ 9 ದಿನ ಇದ್ದಾಗ ಒಬ್ಬರ ರೇಷ್ಮೆ ಬ್ಲೌಸ್ ಪೀಸನ್ನು ಇನ್ನೊಬ್ಬರ ಅಳತೆ ಬ್ಲೌಸ್ ಇಟ್ಟು ಕತ್ತರಿಸಿಬಿಟ್ಟೆ. ಎರಡು ಇಂಚು ಸಣ್ಣ. ಅವರು ಮಗಳ ಸೀಮಂತಕ್ಕೆ ತಂದ ಸೀರೆ ಅದು, ಬಾರ್ಡರ್ ಇರುವ ಪೀಸ್, ಬೇರೆ ಸಿಗುವುದಿಲ್ಲ. ಕೈ ನಡುಗಿತು. ಹಾಗೇ ನೆಲದ ಮೇಲೆ ಕೂತುಬಿಟ್ಟೆ.

ಅಮ್ಮ ಆಗ ದಾವಣಗೆರೆಯಿಂದ ಬಂದಿದ್ದರು. ಬೈಯಲಿಲ್ಲ. ಪಕ್ಕದಲ್ಲಿ ಕೂತು ಕೇಳಿದರು. "ಎಷ್ಟಿದ್ರೆ ಸಾಕು ಅಂತ ಯಾವತ್ತಾದ್ರೂ ಎಣಿಸೀಯಾ ತಾಯಿ?"

ನಾನು ಕೆಲಸ ಬಿಡೋಕಾಗುತ್ತಾ ಅಮ್ಮಾ, ಕಾಯಕವೇ ಕೈಲಾಸ ಅಂತ ನೀನೇ ಹೇಳಿಕೊಟ್ಟಿದ್ದಲ್ವಾ ಅಂದೆ. ಅದಕ್ಕೆ ಅಮ್ಮ, "ಆ ಮಾತು ಹೇಳಿದ್ದು ಮಾರಯ್ಯ. ಅವನ ಹೆಂಡ್ತಿ ಏನಂದ್ಲು ಅನ್ನೋದನ್ನ ಮರ್ತೀಯಲ್ಲ" ಅಂದರು.

ಕಾಯಕವೇ ಕೈಲಾಸ ಅನ್ನುವುದನ್ನು ಜನ ಬಸವಣ್ಣನ ಫೋಟೋ ಕೆಳಗೆ ಬರೆಯುತ್ತಾರೆ. ಆದರೆ ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಈಗಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಕಡೆಯವರು ಅವರು. 12ನೇ ಶತಮಾನದಲ್ಲಿ ಗಂಡ ಹೆಂಡತಿ ಇಬ್ಬರೂ ಕಲ್ಯಾಣಕ್ಕೆ ಬಂದರು. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಅದರಲ್ಲೇ ಅಡಿಗೆ ಮಾಡಿ ಜಂಗಮರಿಗೆ ನೀಡಿ ತಾವೂ ಉಣ್ಣುವುದು ಹೆಂಡತಿ ಲಕ್ಕಮ್ಮನ ಕಾಯಕ. ಒಂದು ದಿನ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಕದ್ದದ್ದಲ್ಲ, ಬೇಡಿದ್ದೂ ಅಲ್ಲ, ನೆಲದ ಮೇಲೆ ಬಿದ್ದದ್ದನ್ನೇ ಆಯ್ದಿದ್ದ. ಲಕ್ಕಮ್ಮ ಮಾತ್ರ ಒಪ್ಪಲಿಲ್ಲ. "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ" ಅಂದಳು. ಇಷ್ಟೊಂದು ಅಕ್ಕಿಯ ಆಸೆ ನಿಮಗೆ ಯಾಕೆ, ಈಶ್ವರ ಒಪ್ಪುವುದಿಲ್ಲ ಅಂತ. ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು.

ಚಿಕ್ಕಂದಿನಿಂದ ಕೇಳಿದ ಕಥೆ. ಮಠದ ಜಾತ್ರೆಯಲ್ಲಿ, ಶಾಲೆಯ ಪಾಠದಲ್ಲಿ, ಎಲ್ಲ ಕಡೆ. ಆದರೆ ಆ ರಾತ್ರಿ ಕತ್ತರಿಸಿದ ರೇಷ್ಮೆ ಮಡಿಲಲ್ಲಿ ಇಟ್ಟುಕೊಂಡು ಕೇಳಿದಾಗ ಅದು ಬೇರೆಯೇ ಥರ ಕೇಳಿಸಿತು. ಮಾರಯ್ಯನ ಮಾತನ್ನು ನಾನು ಹಿಡಿದುಕೊಂಡಿದ್ದೆ, ಲಕ್ಕಮ್ಮನ ಮಾತನ್ನು ಬಿಟ್ಟಿದ್ದೆ. ಒಂದೇ ಮನೆಯ ಎರಡು ಮಾತು ಅವು. ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಅಂತ ಮಾರಯ್ಯ ಹೇಳುತ್ತಾನೆ ನಿಜ. ಆದರೆ ಹಾಗೆ ಹೇಳುವವನು ಒಂದೊಂದೇ ಅಕ್ಕಿ ಕಾಳನ್ನು ನೋಡಿ ನೋಡಿ ಆಯುತ್ತಿದ್ದ ಮನುಷ್ಯ. ಅವನಿಗೆ ಕೆಲಸವೇ ಧ್ಯಾನ ಆಗಿತ್ತು. ನಾನು ಯಾರ ಬಟ್ಟೆ, ಯಾರ ಅಳತೆ ಅನ್ನುವುದೂ ಗೊತ್ತಾಗದ ಹಾಗೆ ಹೊಲಿಯುತ್ತಿದ್ದೆ. ಅದು ಕಾಯಕ ಹೇಗಾಗುತ್ತದೆ?

ಮಾರನೇ ದಿನ 11 ಜನಕ್ಕೆ ಫೋನ್ ಮಾಡಿ, ತಪ್ಪಾಯ್ತು, ಹಬ್ಬಕ್ಕೆ ಕೊಡೋಕಾಗಲ್ಲ ಅಂತ ಹೇಳಿ ಬಟ್ಟೆನೂ ಅಡ್ವಾನ್ಸೂ ವಾಪಸ್ ಕೊಟ್ಟೆ. ಇಬ್ಬರು ಚೆನ್ನಾಗಿ ಬೈದರು. ಅವರು ಆಮೇಲೆ ಬರಲೇ ಇಲ್ಲ. ಸೀಮಂತದ ಸೀರೆಯವರ ಮನೆಗೆ ನಾನೇ ಹೋಗಿ ಕ್ಷಮೆ ಕೇಳಿದೆ. ಬದಿಗೆ ಬೇರೆ ರೇಷ್ಮೆ ಜೋಡಿಸಿ, ತೋಳಿಗೆ ಬಾರ್ಡರ್ ಉಳಿಸಿ ಹೊಲಿದುಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ.

ಈಗ ದಿನಕ್ಕೆ 3, ಅದಕ್ಕಿಂತ ಒಂದೂ ಜಾಸ್ತಿ ಇಲ್ಲ. ಸೋಮವಾರ ಮಿಷನ್ ಮುಚ್ಚಿರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಮೂರು ಗೆರೆ ಎಳೆದಿಟ್ಟಿದ್ದೇನೆ, ಗೆರೆ ತುಂಬಿದರೆ ಮುಂದಿನ ದಿನ. ಆದಾಯ ಕಮ್ಮಿ ಆಗಿದೆ, ಸುಳ್ಳು ಹೇಳುವುದಿಲ್ಲ. ಕಂತಿನಲ್ಲಿ ತರಬೇಕು ಅಂತಿದ್ದ ಎರಡನೇ ಮಿಷನ್ ಬಿಟ್ಟೆ. ದೊಡ್ಡ ಟಿ.ವಿ. ಬಿಟ್ಟೆ. ಮಗಳಿಗೆ ಸ್ಕೂಟಿ ಮುಂದಕ್ಕೆ ಹೋಯಿತು, ಅದಕ್ಕೆ ಅವಳು ಎರಡು ದಿನ ಮಾತು ಬಿಟ್ಟಿದ್ದಳು, ನನಗೂ ಬೇಜಾರಾಯಿತು.

ಸರಳ ಬದುಕು ಅಂದರೆ ಮನೆಯ ಸಾಮಾನು ಖಾಲಿ ಮಾಡುವುದು ಅಂತ ನನಗೆ ಅನಿಸುವುದಿಲ್ಲ. ಮತ್ತೆ, ಇಲ್ಲದವರಿಗೆ "ಇದ್ದದ್ದರಲ್ಲೇ ತೃಪ್ತಿ ಪಡಿ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಲಕ್ಕಮ್ಮ ಆ ಮಾತನ್ನು ಬೇರೆ ಬಡವರಿಗೆ ಹೇಳಲಿಲ್ಲ, ತನ್ನ ಮನೆಗೆ ಹೇಳಿಕೊಂಡಳು. ಆ ಸ್ವಲ್ಪ ಅಕ್ಕಿಯಲ್ಲೂ ಬೇರೆಯವರಿಗೆ ಉಣ್ಣಿಸಿದಳು. ಸಾಕು ಅನ್ನುವ ಮಾತು ಅವರವರೇ ಹೇಳಿಕೊಳ್ಳಬೇಕಾದ್ದು.

ಪೂಜೆ ಮತ್ತೆ ಶುರುವಾಗಿದೆ. ಬೆಳಿಗ್ಗೆ 20 ನಿಮಿಷ. ಫೋನು ಅಡಿಗೆಮನೆಯ ಅಕ್ಕಿ ಡಬ್ಬಿಯ ಹಿಂದೆ. ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು ನೆಟ್ಟ ಕಣ್ಣಲ್ಲಿ ನೋಡುವುದು. ಕಪ್ಪು ಲಿಂಗದ ಮೈಮೇಲೆ ದೀಪದ ಬೆಳಕು ಒಂದು ಚುಕ್ಕೆಯಾಗಿ ನಿಲ್ಲುತ್ತದೆ. ಮನಸ್ಸು ಹೊಲಿಗೆಗೆ ಓಡುತ್ತದೆ, ಹಾಲಿನವನ ಬಾಕಿಗೆ ಓಡುತ್ತದೆ, ಮಗನ ಪರೀಕ್ಷೆಗೆ ಓಡುತ್ತದೆ, ಮತ್ತೆ ಕರೆದು ತಂದು ಆ ಚುಕ್ಕೆಯ ಮುಂದೆ ಕೂರಿಸುತ್ತೇನೆ. ಕೆಲವು ದಿನ 20 ನಿಮಿಷವೂ ಬರೀ ಕರೆದು ತರುವುದೇ ಆಗುತ್ತದೆ. ಆದರೂ ಆಮೇಲೆ ಮಿಷನ್ ಮುಂದೆ ಕೂತಾಗ ಸೂಜಿಯ ಕೆಳಗಿನ ಬಟ್ಟೆ ಕಾಣುತ್ತದೆ. ಅದೇ ಕಣ್ಣು, ಅದೇ ನೋಟ. ಸೂಜಿಕಾಯಕದ ರಾಮಿತಂದೆ ಅಂತ ಒಬ್ಬ ಶರಣರಿದ್ದರು, ಅವರ ಹೆಸರಿನಲ್ಲೇ ನನ್ನ ಕೆಲಸ ಇದೆ. ಹೊಲಿಯುವಾಗ ಅವರ ನೆನಪಾದರೆ ಒಂಥರಾ ಧೈರ್ಯ.

ಸಂಜೆ 6 ಗಂಟೆಗೆ ಮಿಷನ್ನಿಗೆ ಬಟ್ಟೆ ಮುಚ್ಚಿ, ಕೆಳಗೆ ಬಿದ್ದ ಹುಕ್ಸ್, ಗುಂಡುಪಿನ್ನುಗಳನ್ನು ಆಯ್ದು ಡಬ್ಬಿಗೆ ಹಾಕುತ್ತೇನೆ. ಮಗನೂ ಜೊತೆಗೆ ಕೂತು ಆಯುತ್ತಾನೆ, ಶಾಲೆಯ ಕಥೆ ಎಲ್ಲ ಆಗಲೇ ಹೊರಗೆ ಬರುವುದು.

ಈ ವರ್ಷ ಹಬ್ಬಕ್ಕೆ ನೋಟ್‌ಬುಕ್ಕಿನಲ್ಲಿ 51 ಹೆಸರು ಇವೆ, ಗೆರೆ ಎಲ್ಲ ತುಂಬಿದೆ. ಇವತ್ತು ಬೆಳಿಗ್ಗೆ ಇನ್ನೊಬ್ಬರು ಬಂದಿದ್ದರು, ಚೀಲದಲ್ಲಿ ನಾಲ್ಕು ಪೀಸ್. ಕೂರಿಸಿ ಕಾಫಿ ಕೊಟ್ಟು, ಹಿಂದಿನ ಬೀದಿಯಲ್ಲಿ ಹೊಸದಾಗಿ ಟೈಲರಿಂಗ್ ಶುರು ಮಾಡಿರುವ ಹುಡುಗಿಯ ಮನೆ ತೋರಿಸಿ ಬಂದೆ.